ನಾಲ್ಕನೇ ಕ್ಲಾಸಿನ ಮಗಳನ್ನು ಎರಡು ರಾತ್ರಿಯ ಕ್ಯಾಂಪಿಗೆ ಕಳಿಸಬಹುದಾ?

ಶಾಲೆಯವರು ಮಗಳನ್ನು ಎರಡು ರಾತ್ರಿಯ ಕ್ಯಾಂಪಿಗೆ ಕರೆದಿದ್ದಾರೆ, ಇಷ್ಟು ಚಿಕ್ಕ ಮಕ್ಕಳಿಗೆ ಅದರಿಂದ ಏನು ಉಪಯೋಗ ಅಂತ ಕೇಳಿದ್ದೀರಿ. ನಾನು ದಾವಣಗೆರೆ ಕಡೆಯ ಪ್ರಾಥಮಿಕ ಶಾಲೆಯ ಟೀಚರ್. ಬುಲ್‌ಬುಲ್ ಮಕ್ಕಳನ್ನು ನೋಡಿಕೊಳ್ಳುವವಳೂ ನಾನೇ. ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಚಿಕ್ಕ ಹುಡುಗಿಯರಿಗೆ ಬುಲ್‌ಬುಲ್, ಹುಡುಗರಿಗೆ ಕಬ್ ಅಂತಾರೆ. ಹರಿಹರದ ಹತ್ತಿರ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ತರಬೇತಿ ಕೇಂದ್ರವಿದೆ. ಕೆರೆ, ಗುಡ್ಡ ಎಲ್ಲ ಅಲ್ಲೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದವಳಾಗಿ ಹೇಳುತ್ತೇನೆ, ಕಳಿಸಿ.

ಒಂದು ದಿನದ ಪಿಕ್ನಿಕ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಕಾಗಲ್ಲ. ಮಗು ಬದಲಾಗುವುದು ಎರಡನೇ ರಾತ್ರಿ. ಮೊದಲ ರಾತ್ರಿ ಅಳು, ಮನೆ ನೆನಪು ಇದ್ದದ್ದೇ. ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಅಳುತ್ತಿದ್ದ ಹುಡುಗಿಗೆ ಅವರಮ್ಮನ ಹತ್ತಿರ ಫೋನಲ್ಲಿ ಮಾತಾಡಿಸಿದೆ. ಅಳು ಇನ್ನೂ ಜಾಸ್ತಿ ಆಯ್ತು, ಪಕ್ಕದ ಇಬ್ಬರೂ ಶುರು ಮಾಡಿದರು. ಈಗ ಫೋನ್ ಕೊಡುವುದಿಲ್ಲ. ಪಕ್ಕದಲ್ಲಿ ಕೂತು, ಎಲ್ಲರ ಟಾರ್ಚ್ ಎಣಿಸಿ ಇಡುವ ಕೆಲಸ ಕೊಡುತ್ತೇನೆ. ಮಾರನೇ ರಾತ್ರಿ ಅದೇ ಮಗು ಇನ್ನೊಬ್ಬಳಿಗೆ ಹಾಸಿಗೆ ಹಾಸಿಕೊಡುತ್ತಿರುತ್ತದೆ.

ನಮ್ಮಲ್ಲಿ ಮಕ್ಕಳನ್ನು ಆರಾರು ಜನರ ಗುಂಪು ಮಾಡುತ್ತೇವೆ. ಅದಕ್ಕೆ ಸಿಕ್ಸ್ ಅಂತ ಹೆಸರು, ಮುಂದಾಳು ಸಿಕ್ಸರ್. ನೀರು ತರುವುದು, ತಟ್ಟೆ ತೊಳೆಯುವುದು, ಕಸ ಹೆಕ್ಕುವುದು ಎಲ್ಲ ಗುಂಪಿನದೇ. ಮನೆಯಲ್ಲಿ ಉಪ್ಪಿಟ್ಟು ಅಂದರೆ ಮುಖ ತಿರುಗಿಸುವವರು ಇಲ್ಲಿ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ!

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ಒಂದು ಸಲ ಶಿಬಿರಾಗ್ನಿ ಮುಗಿಯುವ ಹೊತ್ತಿಗೆ ಕತ್ತಲಲ್ಲಿ ಏನೋ ಜೋರಾಗಿ ಕೂಗಿತು. ಮಕ್ಕಳೆಲ್ಲ ನನಗೆ ಅಂಟಿಕೊಂಡರು. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗನೊಬ್ಬ ಎದ್ದು, 'ಟೀಚರ್, ಅದು ಟಿಟ್ಟಿಭ. ನೆಲದ ಮೇಲೇ ಮೊಟ್ಟೆ ಇಡ್ತೈತಿ, ಯಾರಾದ್ರೂ ಹತ್ರ ಹೋದ್ರೆ ಹಂಗೇ ಕೂಗ್ತೈತಿ' ಅಂದ. ಅವರ ಮನೆಯವರು ಕುರಿ ಮೇಯಿಸುವವರು. ಮಾರನೇ ಬೆಳಗ್ಗೆ ಎಲ್ಲರೂ ಅವನ ಹಿಂದೆ ಕೆರೆ ದಂಡೆಗೆ ಹೊರಟರು. ಓದುವುದು, ಬರೆಯುವುದು ನೋಡಿ ಅವನನ್ನು ದಡ್ಡ ಅಂದುಕೊಂಡಿದ್ದೆವಲ್ಲ, ನನಗೆ ಅವತ್ತು ತುಂಬಾ ಸಂಕಟ ಆಯ್ತು. ಕ್ಯಾಂಪಿಗೆ ಹೋಗದಿದ್ದರೆ ಅದು ನನಗೂ ಗೊತ್ತಾಗುತ್ತಿರಲಿಲ್ಲ, ಅವನ ಜೊತೆಯವರಿಗೂ ಗೊತ್ತಾಗುತ್ತಿರಲಿಲ್ಲ.

ಶಾಲೆಯವರನ್ನು ಕೆಲವು ವಿಷಯ ಖಂಡಿತ ಕೇಳಿ. ರಾತ್ರಿ ಹುಡುಗಿಯರ ಜೊತೆ ಎಷ್ಟು ಜನ ಟೀಚರ್ ಮಲಗುತ್ತಾರೆ, ಶೌಚಾಲಯ ಎಷ್ಟು ದೂರ, ಕೆರೆ ಇದ್ದರೆ ನೀರಿಗೆ ಇಳಿಯದಂತೆ ನೋಡುವವರು ಯಾರು, ಹತ್ತಿರದ ಆಸ್ಪತ್ರೆ ಯಾವುದು. ಉತ್ತರ ಸರಿಯಾಗಿ ಬರದಿದ್ದರೆ ಈ ವರ್ಷ ಕಳಿಸಬೇಡಿ.

ಕಳಿಸುವುದಾದರೆ ಬ್ಯಾಗನ್ನು ಅವಳೇ ತುಂಬಲಿ, ನೀವು ಪಕ್ಕದಲ್ಲಿ ನಿಂತಿರಿ. ಅಮ್ಮ ತುಂಬಿದ ಬ್ಯಾಗಿನಲ್ಲಿ ಟವೆಲ್ ಎಲ್ಲಿದೆ ಅಂತ ಮಗುವಿಗೆ ಗೊತ್ತೇ ಇರುವುದಿಲ್ಲ. ವಾಪಸ್ ಬಂದ ಮೇಲೆ ಸುಮ್ನೆ 'ಹೇಗಿತ್ತು' ಅಂದರೆ 'ಚೆನ್ನಾಗಿತ್ತು' ಅಂದು ಆಟಕ್ಕೆ ಓಡುತ್ತಾಳೆ. ರಾತ್ರಿ ಏನೇನು ಸದ್ದು ಕೇಳಿಸಿತು ಅಂತ ಕೇಳಿ ನೋಡಿ.