ಮೆಸೇಜಿನ ಕಾಗುಣಿತ ನೋಡಿ ಬೇಡವೆನ್ನುವುದು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಉದ್ಯೋಗ ಬದಲಿಸಿದೆ. ಇದೇ ಬಗೆಯ ತೊಡಕಿನೊಂದಿಗೆ ಬಂದ ಒಬ್ಬರಿಗಿಂತ ಹೆಚ್ಚು ಜನರ ವಿವರಗಳು ಇಲ್ಲಿ ಬೆರೆತಿವೆ.)

ಬಂದ ಕಾರಣ

ಮೂವತ್ತರ ಆಸುಪಾಸಿನ ಮಹಿಳೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಗ್ಲಿಷ್ ದಾಖಲೆಗಳನ್ನು ತಿದ್ದುವ ಕೆಲಸ. ಹುಟ್ಟಿದ್ದು ಹಳೇ ಮೈಸೂರು ಕಡೆಯ ಹಳ್ಳಿಯಲ್ಲಿ, ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮ್ಯಾಟ್ರಿಮನಿ ತಾಣವೊಂದರಲ್ಲಿ ಮನೆಯವರು ಪ್ರೊಫೈಲ್ ಹಾಕಿದ್ದರು, ಡೇಟಿಂಗ್ ಆಪ್ ಒಂದನ್ನು ಆಕೆಯೇ ಹಾಕಿಕೊಂಡಿದ್ದರು. ಎರಡರಲ್ಲೂ ಮಾತು ಮೂರನೆಯ ದಿನ ದಾಟುತ್ತಿರಲಿಲ್ಲ.

ಕಳಿಸಿದ್ದು ತಾಯಿ. ಅವರು ಫೋನಿನಲ್ಲಿ ಹೇಳಿದ್ದು ಇಷ್ಟು: "ಕೆಲಸ ಒಪ್ತಾಳೆ, ಮನೆತನ ಒಪ್ತಾಳೆ, ಫೋಟೋನೂ ಒಪ್ತಾಳೆ. ಆ ಹುಡುಗ ಎರಡು ಮೆಸೇಜು ಹಾಕಿದ ಅಂದ್ರೆ ಮುಗೀತು, ಸ್ಪೆಲ್ಲಿಂಗ್ ಸರಿ ಇಲ್ಲ, ಬೇಡ ಅಂತಾಳೆ. ಇದೇನು ಮೇಡಂ, ಗಂಡು ನೋಡೋದಾ, ಪೇಪರ್ ತಿದ್ದೋದಾ?"

ಮಗಳ ವಾದ ಬೇರೆ. ಮೊದಲ ಪರಿಚಯದಲ್ಲಿ ಎಲ್ಲರೂ ತಮ್ಮ ಒಳ್ಳೆಯ ಮುಖವನ್ನೇ ತೋರಿಸುತ್ತಾರೆ; ಆಗಲೇ ಒಂದು ಸಾಲನ್ನು ಓದಿ ಸರಿಮಾಡಿ ಕಳಿಸುವಷ್ಟು ತಾಳ್ಮೆ ಇಲ್ಲದವರು ಮುಂದೆ ಯಾವುದಕ್ಕೆ ತಾಳ್ಮೆ ತೋರಿಸುತ್ತಾರೆ ಎಂಬುದು ಅವರ ಪ್ರಶ್ನೆ. ಈ ವಾದವನ್ನು ಹಟ ಎಂದು ತಳ್ಳಿಹಾಕಿದರೆ ಸಮಾಲೋಚನೆ ಅಲ್ಲಿಗೇ ನಿಲ್ಲುತ್ತದೆ. ಆಕೆ ಮಾಡುತ್ತಿದ್ದುದು ಅನೇಕರು ಮಾಡುವುದನ್ನೇ. ನೆದರ್ಲೆಂಡ್ಸಿನ ಟಿಲ್‌ಬರ್ಗ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಡೇಟಿಂಗ್ ಪ್ರೊಫೈಲುಗಳ ಭಾಷಾದೋಷಗಳನ್ನೇ ಕುರಿತದ್ದು. ತಪ್ಪು ಕಣ್ಣಿಗೆ ಬಿದ್ದವರಿಗೆ ಬರೆದವರ ಮೇಲಿನ ಆಕರ್ಷಣೆ ಕುಗ್ಗಿತ್ತು. ಬೆರಳಚ್ಚಿನ ತಪ್ಪಿದ್ದರೆ 'ಗಮನವಿಲ್ಲದವರು' ಎಂದುಕೊಂಡರು, ವ್ಯಾಕರಣದ ತಪ್ಪಿದ್ದರೆ 'ಬುದ್ಧಿ ಕಡಿಮೆ' ಎಂದುಕೊಂಡರು. ಹಾಗೆ ಅಂದುಕೊಂಡದ್ದು ನಿಜವೇ ಎಂದು ಅಲ್ಲಿ ಅಳೆದಿಲ್ಲ. ಅಳೆದದ್ದು ಓದಿದವರ ಊಹೆಯನ್ನು ಮಾತ್ರ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೂಲಿ ಬೋಲಂಡ್ ಮತ್ತು ರಾಬಿನ್ ಕ್ವೀನ್ 2016ರಲ್ಲಿ ಪ್ರಕಟಿಸಿದ್ದು ಇನ್ನೂ ಕುತೂಹಲದ್ದು. ಬಾಡಿಗೆ ಮನೆಯಲ್ಲಿ ಜೊತೆಗಿರಲು ಜನ ಬೇಕೆಂಬ ಜಾಹೀರಾತಿಗೆ ಬಂದಂತೆ ಬರೆದಿಟ್ಟ ಇಮೇಲುಗಳನ್ನು ಓದಿಸಿ, ಬರೆದವರಿಗೆ ಅಂಕ ಕೊಡಿಸಿದರು. ವ್ಯಾಕರಣದ ತಪ್ಪಿಗೆ ಹೆಚ್ಚು ಸಿಡುಕಿದವರು, ಸ್ವಭಾವದ ಅಳತೆಯಲ್ಲಿ ಇತರರೊಂದಿಗೆ ಹೊಂದಿಕೊಳ್ಳುವ ಗುಣ ಕಡಿಮೆ ಇದ್ದವರು. ಎಲ್ಲರೊಡನೆ ಬೆರೆಯುವ ಸ್ವಭಾವದವರು ಅದೇ ತಪ್ಪನ್ನು ದಾಟಿಕೊಂಡು ಹೋದರು. ಒಂದೇ ತಪ್ಪಿಗೆ ಎಷ್ಟು ಕೋಪ ಬರುತ್ತದೆ ಎಂಬುದರಲ್ಲಿ ಓದುವವರ ಪಾಲೂ ಇದೆ ಎಂದಾಯಿತು.

ಬೇಡವೆಂದ ಸಂದೇಶಗಳನ್ನು ವಿಂಗಡಿಸಿದ್ದು

ಎರಡನೆಯ ಭೇಟಿಗೆ ಬರುವಾಗ, ಬೇಡವೆನ್ನಲು ಕಾರಣವಾದ ಇಪ್ಪತ್ತು ಸಂದೇಶಗಳನ್ನು ಹಾಳೆಯಲ್ಲಿ ಬರೆದು ತರಲು ಹೇಳಲಾಯಿತು. ಹೆಸರು, ಫೋಟೋ, ನಂಬರ್ ಬೇಡ. ಬೇರೆಯವರ ಖಾಸಗಿ ಮಾತು ಸಮಾಲೋಚನೆಯ ಕೋಣೆಗೂ ಹಾಗೆಯೇ ಬರಬಾರದು. ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರ ಗುಂಪಿಗೆ ಹಾಕಿ ನಗುವ ರೂಢಿಯಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಹತ್ತು ಜನ ಸೇರಿ ನಕ್ಕ ಮೇಲೆ ಆ ಮನುಷ್ಯನಿಗೆ ಉತ್ತರ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಪ್ರತಿ ಸಾಲಿನ ಪಕ್ಕದಲ್ಲೂ ಆ ತಪ್ಪು ಎಲ್ಲಿಂದ ಬಂದಿರಬಹುದು ಎಂದು ಬರೆಯುವುದು ಅಂದಿನ ಕೆಲಸ. ಸುಲಭವಾದವು ಕೈತಪ್ಪುಗಳು. ನುಡಿ ಕೀಲಿಮಣೆಯಲ್ಲಿ ಎನ್ ಒತ್ತಿದರೆ ನ, ಶಿಫ್ಟ್ ಹಿಡಿದು ಒತ್ತಿದರೆ ಣ. ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದರೆ ಳ. ಶಿಫ್ಟ್ ತಪ್ಪಿದರೆ 'ಹಣ' 'ಹನ'ವಾಗುತ್ತದೆ, 'ಮಳೆ' 'ಮಲೆ'ಯಾಗುತ್ತದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವವರು ಸಾಮಾನ್ಯವಾಗಿ ಮೇಲೆ ಮೊದಲು ತೋರಿದ ಪದವನ್ನೇ ಒತ್ತಿಬಿಡುತ್ತಾರೆ. ದನಿಯಿಂದ ಟೈಪ್ ಮಾಡುವವರ ಸಾಲುಗಳಲ್ಲಿ ಪೂರ್ಣವಿರಾಮವೇ ಇರುವುದಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆಂದರೆ ಅಲ್ಲಿ ತಪ್ಪು ಹುಡುಕುವುದೇ ವ್ಯರ್ಥ: 'ಊಟ ಆಯ್ತಾ' ಎನ್ನಲು ಒಬ್ಬರು ಎರಡು ಓ ಹಾಕುತ್ತಾರೆ, ಇನ್ನೊಬ್ಬರು ಒಂದು ಯು ಹಾಕುತ್ತಾರೆ, ಇಬ್ಬರನ್ನೂ ತಿದ್ದುವ ನಿಯಮ ಯಾರ ಬಳಿಯೂ ಇಲ್ಲ.

ಎರಡನೆಯ ರಾಶಿ ಶಾಲೆಯಿಂದ ಬಂದದ್ದು. 'ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್', 'ಡಿಡ್ ಯು ವೆಂಟ್', 'ಮೈ ಫಾದರ್ ಈಸ್ ಎಕ್ಸ್‌ಪೈರ್ಡ್'. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಹಾಗಾಗಿ ಇಂಗ್ಲಿಷಿನಲ್ಲಿ ಎ, ದಿ ಬಿಟ್ಟುಹೋಗುತ್ತವೆ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರ ಸುಮಾರಿಗೆ. ಅದಕ್ಕೂ ಮೊದಲು ಸೇರಿದವರು ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ಬರೆದವರು. ಈಗ ಮೂವತ್ತು ದಾಟಿ ಗಂಡು ಹೆಣ್ಣು ನೋಡುತ್ತಿರುವ ಎಷ್ಟೋ ಜನ ಅವರೇ. ಆ ತಪ್ಪು ಹೇಳುವುದು ಓದಿದ ಶಾಲೆ ಯಾವುದೆಂಬುದನ್ನು, ಅದಕ್ಕಿಂತ ಹೆಚ್ಚೇನನ್ನೂ ಅಲ್ಲ. ಇದೇ ರಾಶಿಯಲ್ಲಿ ಇನ್ನೊಂದು ಸಣ್ಣ ಗುಂಪು ಇರಬಹುದು. ಒಂದೇ ಸಂದೇಶದಲ್ಲಿ ಒಂದೇ ಪದವನ್ನು ಮೂರು ಬಗೆಯಲ್ಲಿ ಬರೆದಿದ್ದರೆ, ಒತ್ತಕ್ಷರ, ದೀರ್ಘಗಳು ಎಲ್ಲೆಂದರಲ್ಲಿ ಜಾರಿದ್ದರೆ ಡಿಸ್ಲೆಕ್ಸಿಯಾ ಇರಲೂಬಹುದು. ಇದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿರುವ ಕಲಿಕಾ ತೊಂದರೆ, ಬುದ್ಧಿಮತ್ತೆಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಂದು ಮೆಸೇಜು ನೋಡಿ ರೋಗನಿರ್ಣಯ ಮಾಡುವುದೂ ಬೇಡ. ಅವರಾಗಿ ಹೇಳಿದರೆ ಕೇಳಿಸಿಕೊಂಡರೆ ಸಾಕು.

ಮೂರನೆಯ ರಾಶಿಯ ಮೇಲೆಯೇ ಭೇಟಿಯ ಹೆಚ್ಚಿನ ಹೊತ್ತು ಹೋಯಿತು. 'ಏನ್ ಮಾಡಾಕತ್ತೀರಿ' ಎಂದು ಬರೆದ ಧಾರವಾಡ ಕಡೆಯವರನ್ನು ಆಕೆ 'ಒರಟು' ಎಂದು ಬಿಟ್ಟಿದ್ದರು. ಆ ಸಾಲಿನಲ್ಲಿ 'ರಿ' ಹಚ್ಚಿ ಮರ್ಯಾದೆಯಿಂದಲೇ ಕೇಳಿದ್ದರು. 'ಎಂತ ಮಾಡುದು' ಎಂದಿದ್ದ ಕರಾವಳಿಯವರು 'ಅರ್ಧಂಬರ್ಧ ಕನ್ನಡ' ಎನಿಸಿಕೊಂಡಿದ್ದರು. ಇವು ಊರಿನ ನುಡಿ, ತಪ್ಪಲ್ಲ. ಎಲ್ಲಕ್ಕಿಂತ ಕಟುವಾದ ಷರಾ ಇದ್ದದ್ದು, ತನ್ನೂರ ಕಡೆಯವರೇ ಆದ ಒಬ್ಬರ ಮೇಲೆ. ಅವರು 'ಒಸ ಮನೆ ಕಟ್ತಾ ಇದ್ದೀವಿ, ಮುಂದಿನ ತಿಂಗಳು ಹಾಸನಕ್ಕೆ ಓಗ್ಬೇಕು' ಎಂದು ಬರೆದಿದ್ದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಸಹ್ಯ' ಎಂದಿತ್ತು.

ಉಳಿದ ಯಾವ ಸಾಲಿಗೂ ಇಲ್ಲದ ಈ ಪದ ಇಲ್ಲೇಕೆ ಬಂತೆಂದು ಕೇಳಿದಾಗ ಆಕೆ ತುಸು ಹೊತ್ತು ಸುಮ್ಮನಿದ್ದು, ಪಿಯುಸಿಯ ಮೊದಲ ವಾರದ ಮಾತು ತೆಗೆದರು. ಯಾವ ಜಿಲ್ಲೆ ಎಂದು ಉಪನ್ಯಾಸಕರು ಕೇಳಿದ್ದಕ್ಕೆ ಇವರ ಬಾಯಲ್ಲಿ 'ಆಸನ' ಎಂದು ಬಂದು ತರಗತಿ ನಕ್ಕಿತ್ತು. ಆಮೇಲೆ ಹಟ ಹಿಡಿದು ಹಕಾರ ಕಲಿತು, ಎಲ್ಲ ಕಡೆ ಹಚ್ಚಲು ಹೋಗಿ 'ಅಕ್ಕಿ'ಯನ್ನು 'ಹಕ್ಕಿ' ಮಾಡಿ ಮತ್ತೊಮ್ಮೆ ನಗೆಪಾಟಲಾಗಿದ್ದರು. ತಿದ್ದಿಕೊಳ್ಳಲು ಅಷ್ಟು ಕಷ್ಟಪಟ್ಟವರಿಗೆ, ತಿದ್ದಿಕೊಳ್ಳದೆಯೂ ಆರಾಮಾಗಿ ಮನೆ ಕಟ್ಟಿಸುತ್ತಿರುವ ಮನುಷ್ಯನ ಮೇಲೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇಂಥ ನಿರಾಕರಣೆಗಳ ಹಿಂದೆ ಭಾಷಾಪ್ರೇಮಕ್ಕಿಂತ ಹೆಚ್ಚಾಗಿ ಸಿಗುವುದು ಈ ಭಯ: ಇವರ ಪಕ್ಕ ನಿಂತರೆ ಜನ ಮತ್ತೆ ನಗುತ್ತಾರೆ.

ಕೊನೆಗೆ ಉಳಿದವು ನಾಲ್ಕೇ ಸಂದೇಶ. ಒಬ್ಬರು ಇವರ ಹೆಸರನ್ನು ಮೂರು ಸಲ ತಪ್ಪು ಬರೆದಿದ್ದರು, ಸರಿ ಹೆಸರು ಹೇಳಿದ ಮೇಲೂ. ಒಬ್ಬರು ಬೇರೆ ಯಾರಿಗೋ ಬರೆದದ್ದನ್ನೇ ಅಂಟಿಸಿದ್ದರು, ಅದರಲ್ಲಿ ಬೇರೆ ಊರಿನ ಹೆಸರು ಹಾಗೇ ಇತ್ತು. ಇನ್ನಿಬ್ಬರದು ಏನು ಕೇಳಿದರೂ ಒಂದೇ ಅಕ್ಷರದ ಉತ್ತರ. ಇದು ಉಡಾಫೆ. ಇವನ್ನು ಬೇಡವೆಂದದ್ದು ಸರಿಯಾಗಿಯೇ ಇತ್ತು, ಅದನ್ನೂ ಹೇಳಲಾಯಿತು.

ಕೊಟ್ಟ ಸಲಹೆ

ಕಾಗುಣಿತದ ಮೇಲಿನ ಒಲವನ್ನು ಬಿಡಬೇಕೆಂದು ಹೇಳಲಿಲ್ಲ. ಬೇಡವೆನ್ನುವ ತೀರ್ಮಾನವನ್ನು ಮುಂದಕ್ಕೆ ಹಾಕಬೇಕೆಂದು ಹೇಳಿದ್ದು. ಮೊದಲ ಹತ್ತು ಸಂದೇಶಗಳವರೆಗೆ ಬರೀ ತಪ್ಪಿನ ಕಾರಣಕ್ಕೆ ಮಾತು ನಿಲ್ಲಿಸುವುದಿಲ್ಲ ಎಂಬುದು ಒಪ್ಪಂದ. ಹಣ ಕೇಳಿದರೆ, ಅಸಭ್ಯ ಮಾತು ಬಂದರೆ, ಬೇಡ ಎಂದದ್ದನ್ನು ಮತ್ತೆ ಮತ್ತೆ ಕೇಳಿದರೆ ಆ ಒಪ್ಪಂದ ಅನ್ವಯಿಸುವುದಿಲ್ಲ, ಮೊದಲ ಸಂದೇಶದಲ್ಲೇ ನಿಲ್ಲಿಸಬಹುದು.

ಮ್ಯಾಟ್ರಿಮನಿ ಪ್ರೊಫೈಲಿನ ಬರಹವನ್ನು ಲೆಕ್ಕಕ್ಕೇ ಹಿಡಿಯಬಾರದು. ಎಷ್ಟೋ ಪ್ರೊಫೈಲುಗಳಲ್ಲಿ ಅದನ್ನು ಮಾಡಿದವರು ತಂದೆತಾಯಿಯೋ ಒಡಹುಟ್ಟಿದವರೋ ಎಂದು ಬರೆದೇ ಇರುತ್ತದೆ. ಆ 'ನನ್ನ ಬಗ್ಗೆ' ಭಾವನೋ ಅಕ್ಕನೋ ಬರೆದದ್ದು. ಈಕೆಯ ಪ್ರೊಫೈಲನ್ನೂ ಬರೆದಿದ್ದವರು ಚಿಕ್ಕಪ್ಪ, ಅದರಲ್ಲಿ ಎರಡು ತಪ್ಪಿದ್ದವು!

ಎರಡು ಪ್ರಶ್ನೆ ಸಿದ್ಧ ಮಾಡಿಟ್ಟುಕೊಳ್ಳಲು ಹೇಳಲಾಯಿತು, ಹೌದು-ಇಲ್ಲದಲ್ಲಿ ಮುಗಿಯದಂಥವು. ಆಕೆ ಆರಿಸಿಕೊಂಡದ್ದು: "ಕಳೆದ ಭಾನುವಾರ ಹೇಗೆ ಕಳೆದಿರಿ?" ಮತ್ತು "ಮನೆಯಲ್ಲಿ ಯಾರೊಂದಿಗೆ ಹೆಚ್ಚು ಮಾತಾಡ್ತೀರಿ, ಯಾವ ವಿಷಯ?" ಉತ್ತರ ಬಂದಾಗ ನೋಡಬೇಕಾದವು ಮೂರು. ಕೇಳಿದ್ದಕ್ಕೇ ಉತ್ತರ ಬಂತೇ. ತಿರುಗಿ ಒಂದು ಪ್ರಶ್ನೆ ಬಂತೇ. ಎರಡು ದಿನದ ಹಿಂದೆ ಇವರು ಹೇಳಿದ್ದು ನೆನಪಿದೆಯೇ. ಜೊತೆಗೆ ನೀವು-ನೀನು ಗಮನಿಸಬೇಕು. ಕೇಳದೆ ಎರಡನೆಯ ಸಂದೇಶಕ್ಕೇ 'ನೀನು' ಎಂದವರ ಕಾಗುಣಿತ ಎಷ್ಟೇ ಶುದ್ಧವಿರಲಿ, ಮೊದಲು ಕೇಳಬೇಕಾದ ಮಾತು ಅದೇ. ಆಕೆ ಬಯಸುತ್ತಿದ್ದ ಗಮನ ಎಂಬ ಗುಣ ಇಲ್ಲಿ ಕಾಣುತ್ತದೆ, ಶ ಷ ಸಗಳಲ್ಲಿ ಅಲ್ಲ.

ಐದರಿಂದ ಏಳನೆಯ ದಿನದೊಳಗೆ ಹದಿನೈದು ನಿಮಿಷದ ಫೋನ್ ಮಾತು. ವಾರಗಟ್ಟಲೆ ಬರಹದಲ್ಲೇ ಉಳಿದರೆ ಬರೆಯಲು ಬರುವವರಿಗೆ ಮಾತ್ರ ಅಂಕ ಸಿಗುತ್ತದೆ. ಈಗಂತೂ ಚಾಟ್‌ಜಿಪಿಟಿಯಂಥ ಸಾಧನದಲ್ಲಿ ಹಾಕಿ ತಿದ್ದಿಸಿದ ಸಂದೇಶ ಯಾರು ಬೇಕಾದರೂ ಕಳಿಸಬಹುದು, ಮದುವೆಯ ಹೆಸರಲ್ಲಿ ವಂಚಿಸುವವರೂ ಕಳಿಸಬಹುದು. ಬರಹ ನುಣುಪಾಗಿದ್ದು ಫೋನಿನಲ್ಲಿ ಅದೇ ವಿಷಯ ಬಂದಾಗ ತಡವರಿಸಿದರೆ, ವಿಡಿಯೋ ಕರೆ ಎಂದೊಡನೆ ನೆಪ ಬಂದರೆ, ಕಸ್ಟಮ್ಸ್‌ನಲ್ಲಿ ಪಾರ್ಸೆಲ್ ಸಿಕ್ಕಿಕೊಂಡಿದೆ, ಆಸ್ಪತ್ರೆ ಬಿಲ್ ಕಟ್ಟಬೇಕು ಎಂದರೆ ಅಲ್ಲಿಗೆ ನಿಲ್ಲಿಸಬೇಕು. ದುಡ್ಡು ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಓದುವ, ಬರೆಯುವ ಸಂಗಾತಿಯೇ ಬೇಕು ಎಂಬುದು ನಿಜವಾದ ಬಯಕೆಯಾಗಿದ್ದರೆ ಅದನ್ನು ನೇರವಾಗಿ ಪ್ರೊಫೈಲಿನಲ್ಲಿ ಬರೆಯಬಹುದು, "ಇತ್ತೀಚೆಗೆ ಏನು ಓದಿದಿರಿ" ಎಂದು ಕೇಳಬಹುದು. ಕಾಗುಣಿತದಿಂದ ಓದನ್ನು ಊಹಿಸುವುದು ಸುತ್ತುದಾರಿ. ವರ್ಷಕ್ಕೆ ನಲವತ್ತು ಪುಸ್ತಕ ಓದಿಯೂ ಅಲ್ಪಪ್ರಾಣ ಮಹಾಪ್ರಾಣ ತಪ್ಪುವವರಿದ್ದಾರೆ.

ಮುಂದೆ ನಡೆದದ್ದು

ಮುಂದಿನ ಆರು ವಾರದಲ್ಲಿ ಆಕೆ ನಾಲ್ವರೊಂದಿಗೆ ಫೋನ್ ಹಂತ ತಲುಪಿದರು. ಇಂಗ್ಲಿಷ್ ಒಂದಿಷ್ಟೂ ತಪ್ಪಿಲ್ಲದ ಒಬ್ಬರು ಹದಿನೈದು ನಿಮಿಷದಲ್ಲಿ ಇವರ ಸಂಬಳದ ವಿಷಯವನ್ನೇ ಮೂರು ಸಲ ಕೇಳಿದರು. 'ಒಸ ಮನೆ'ಯವರಿಗೆ ಇವರೇ ಮತ್ತೆ ಬರೆದರು. ಅಷ್ಟರಲ್ಲಿ ಅವರಿಗೆ ಬೇರೆ ಕಡೆ ಮಾತಾಗಿತ್ತು. ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಒಬ್ಬರೊಂದಿಗೆ ಮಾತು ಮುಂದುವರಿದಿದೆ. ಅವರು ಬರೆಯುವುದಕ್ಕಿಂತ ವಾಯ್ಸ್ ಮೆಸೇಜ್ ಕಳಿಸುವುದೇ ಹೆಚ್ಚು. ಮೊದಲ ಭೇಟಿ ಹಗಲು ಹೊತ್ತಿನಲ್ಲಿ, ಜನ ಓಡಾಡುವ ಹೋಟೆಲಿನಲ್ಲಿ, ಅಕ್ಕನಿಗೆ ಜಾಗ ತಿಳಿಸಿ ಆಯಿತು.

ತಿದ್ದುವ ಚಟ ಪೂರ್ತಿ ಹೋಗಿಲ್ಲ. ನಾಲ್ಕನೆಯ ವಾರ ಆ ಅಂಗಡಿಯವರ ಸಂದೇಶವೊಂದನ್ನು ಆಕೆ ನಕ್ಷತ್ರ ಗುರುತು ಹಾಕಿ ತಿದ್ದಿ ಕಳಿಸಿದರು, ಅಲ್ಲಿಂದ ಎರಡು ದಿನ ಉತ್ತರವಿರಲಿಲ್ಲ. ಅದಕ್ಕೆ ಕೊಟ್ಟ ಸಲಹೆ ಹೀಗಿತ್ತು: ಅರ್ಥ ಕೆಡದಿದ್ದರೆ ತಿದ್ದಬೇಡಿ. ದಿನಾಂಕ, ಸಮಯ, ಜಾಗದಲ್ಲಿ ಗೊಂದಲವಾದರೆ "ಆರು ಗಂಟೆ ಅಂದ್ರಾ, ಏಳಾ?" ಎಂದು ಪ್ರಶ್ನೆಯಾಗಿ ಕೇಳಿ. ಅವರಾಗಿ "ಇದು ಸರಿ ಇದೆಯಾ ನೋಡಿ" ಎಂದರೆ ಮಾತ್ರ ತಿದ್ದಿ, ಆಗಲೂ ಒಂದು ಸಲಕ್ಕೆ ಒಂದೇ ತಪ್ಪು. ಬೇರೆಯವರಿರುವ ಗುಂಪಿನಲ್ಲಿ ಎಂದೂ ಬೇಡ. ಎರಡು ದಿನದ ಮೌನದ ನಂತರ ಆಕೆ ಫೋನ್ ಮಾಡಿ, ತಿದ್ದಬಾರದಿತ್ತು ಎಂದು ಹೇಳಿದಾಗ ಅವರು ಕೇಳಿದ್ದು ಒಂದೇ: "ಅಂಗಡಿ ಬೋರ್ಡು ಬರೆಸ್ತಾ ಇದ್ದೀನಿ, ಅದನ್ನ ಮಾತ್ರ ಒಂದ್ಸಲ ನೋಡಿಕೊಡ್ತೀರಾ?"