ಗಾಜು ಉಳಿಯಲಿ ಅಂತ ಕಾರ್ ಲಾಕ್ ಮಾಡದೆ ಬಿಡಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. "ಕಳ್ಳ ಬಂದರೆ ಹೇಗೂ ಗಾಜು ಒಡೀತಾನೆ, ಡೋರ್ ಲಾಕ್ ಮಾಡದೆ ಇದ್ದರೆ ಗಾಜಾದರೂ ಉಳಿಯುತ್ತೆ ಅಲ್ವಾ" ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನೂ ನಮ್ಮ ಯಜಮಾನರೂ ಎಷ್ಟೋ ಸಲ ಆಡಿಕೊಂಡಿದ್ದೇವೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಗೇಟಿನೊಳಗೆ ಎರಡು ಸ್ಕೂಟರ್ ನಿಲ್ಲುವಷ್ಟೇ ಜಾಗ, ಕಾರು ರಸ್ತೆಯಲ್ಲೇ. ರಾತ್ರಿಯೆಲ್ಲ ಅದನ್ನು ಲಾಕ್ ಮಾಡದೆ ಬಿಡುತ್ತಿದ್ದೆವು. ಆ ಕಾರು ಈಗ ನಮ್ಮ ಹತ್ತಿರ ಇಲ್ಲ.

ಇಂಥ ಯೋಚನೆ ನಮಗೆ ಬಂದದ್ದು ಶ್ರೀರಂಗಪಟ್ಟಣದಲ್ಲಿ. ಒಂದು ಭಾನುವಾರ ಸಂಗಮಕ್ಕೆ ಹೋಗಿದ್ದೆವು. ಕಾವೇರಿಯಲ್ಲಿ ಕಾಲು ನೆನೆಸಿಕೊಂಡು ವಾಪಸ್ ಬರುವಷ್ಟರಲ್ಲಿ ಹಿಂದಿನ ಡೋರಿನ ಗಾಜು ಪುಡಿಪುಡಿಯಾಗಿ ಸೀಟಿನ ತುಂಬ ಬಿದ್ದಿತ್ತು. ಸೀಟಿನ ಮೇಲೆ ಇಟ್ಟಿದ್ದ ಲ್ಯಾಪ್‌ಟಾಪ್ ಬ್ಯಾಗ್ ಮಾಯ. ಅದರಲ್ಲಿ ಲ್ಯಾಪ್‌ಟಾಪ್ ಇರಲೇ ಇಲ್ಲ, ಚಾರ್ಜರ್ ಮತ್ತು ಮಗಳ ಸ್ವೆಟರ್ ಇತ್ತು ಅಷ್ಟೇ. ಮುಂದಿನ ದೊಡ್ಡ ಗಾಜು ಒಡೆದರೂ ಅಂಟಿಕೊಂಡೇ ಇರುತ್ತದೆ, ಡೋರಿನ ಗಾಜು ಹಾಗಲ್ಲ, ಸಣ್ಣ ಹರಳಿನ ಹಾಗೆ ಉದುರಿಬಿಡುತ್ತದೆ. ಎಷ್ಟೋ ದಿನದ ಮೇಲೂ ಮ್ಯಾಟ್ ಕೆಳಗೆ ಚೂರು ಸಿಗುತ್ತಿತ್ತು. ಇನ್ಶೂರೆನ್ಸ್‌ನಲ್ಲಿ ಗಾಜಿನ ದುಡ್ಡು ಕೇಳಬಹುದಿತ್ತು. ಆದರೆ ಒಂದು ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಅದು ಮೊದಲ ವರ್ಷ 20% ಇಂದ ಶುರುವಾಗಿ ನಿಧಾನಕ್ಕೆ 50% ತನಕ ಏರುವಂಥದ್ದು. ನಮ್ಮದು ಚೆನ್ನಾಗಿ ಏರಿತ್ತು. ಅದನ್ನು ಕಳೆದುಕೊಳ್ಳೋದು ಯಾಕೆ ಅಂತ ಕೈಯಿಂದಲೇ ಕೊಟ್ಟು ಗಾಜು ಹಾಕಿಸಿದೆವು.

ಅವತ್ತು ಸಂಜೆ ಯಜಮಾನರು ಹೇಳಿದರು, ಇನ್ಮೇಲೆ ಕಾರಿನಲ್ಲಿ ಏನೂ ಇಡೋದು ಬೇಡ, ಲಾಕೂ ಮಾಡೋದು ಬೇಡ, ಬಂದವನು ತೆಗೆದು ನೋಡಿ ಹೋಗಲಿ. ನನಗೂ ಸರಿ ಅನ್ನಿಸಿತು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ.

ಅದರಲ್ಲಿ ತಪ್ಪಿರುವುದು "ಏನೂ ಇಡೋದು ಬೇಡ" ಅನ್ನುವ ಕಡೆ. ಕಾರು ಯಾವತ್ತೂ ಖಾಲಿ ಇರುವುದಿಲ್ಲ. ಈಗಲೇ ಹೋಗಿ ನಿಮ್ಮ ಡ್ಯಾಶ್‌ಬೋರ್ಡ್ ತೆಗೆದು ನೋಡಿ. ಆರ್‌ಸಿ ಇರುತ್ತದೆ, ಅದರಲ್ಲಿ ಮನೆ ವಿಳಾಸ. ಇನ್ಶೂರೆನ್ಸ್ ಕಾಗದ ಇರುತ್ತದೆ. ಸರ್ವೀಸ್ ಬಿಲ್ ಇರುತ್ತದೆ, ಅದರಲ್ಲಿ ಫೋನ್ ನಂಬರ್. ಯಾವುದೋ ಮದುವೆ ಕಾಗದ, ಒಂದೆರಡು ಹಳೇ ಚೆಕ್, ಮನೆಯ ಇನ್ನೊಂದು ಬೀಗದ ಕೈ. ನೀವು ಇಟ್ಟದ್ದು ಅಂತ ನೆನಪೇ ಇಲ್ಲದ್ದೆಲ್ಲ ಅಲ್ಲಿರುತ್ತದೆ.

ನಮ್ಮ ಕಾರಿನಲ್ಲಿ ಇದ್ದದ್ದು ಅದರದೇ ಎರಡನೇ ಕೀ.

ಅದು ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ಹೀಗೇ ಆಗಬಹುದು. ಕಾರು ಕೊಂಡಾಗ ಎರಡು ಕೀ ಕೊಡುತ್ತಾರೆ. ಒಂದನ್ನು ದಿನಾ ಬಳಸುತ್ತೇವೆ, ಇನ್ನೊಂದು ಬೀರುವಿನಲ್ಲಿರುತ್ತದೆ. ನಮ್ಮದೂ ಹಾಗೇ ಇತ್ತು. ಒಂದು ದಿನ ದಿನಾ ಬಳಸುವ ಕೀಯ ಬ್ಯಾಟರಿ ಮುಗಿದು ರಿಮೋಟ್ ಕೆಲಸ ಮಾಡಲಿಲ್ಲ. ಬೀರುವಿನಲ್ಲಿದ್ದದ್ದನ್ನು ತೆಗೆದುಕೊಂಡು ಹೊರಟೆವು. ದಾರಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದೆವು, ಮೊದಲಿನ ಕೀ ಸರಿಹೋಯಿತು. ಇನ್ನೊಂದನ್ನು ಮನೆಗೆ ಹೋದಮೇಲೆ ಬೀರುವಿಗೆ ಇಟ್ಟರಾಯಿತು ಅಂತ ಕಾರಿನ ಪುಸ್ತಕದ ಚೀಲದೊಳಗೆ ಹಾಕಿದೆ. ಮನೆಗೆ ಹೋದಾಗ ಮಗಳು ನಿದ್ದೆ ಮಾಡುತ್ತಿದ್ದಳು, ಅವಳನ್ನು ಎತ್ತಿಕೊಂಡು ಒಳಗೆ ಹೋದೆವು. ಅಷ್ಟೇ. ಮಾರನೇ ದಿನ ನೆನಪಾಗಲಿಲ್ಲ, ಆಮೇಲೂ ನೆನಪಾಗಲಿಲ್ಲ, ಯಾಕೆಂದರೆ ಎರಡನೇ ಕೀಯನ್ನು ಯಾರೂ ದಿನಾ ಹುಡುಕುವುದಿಲ್ಲ. ಯಾರಾದರೂ ಕೇಳಿದ್ದರೆ ಬೀರುವಿನಲ್ಲಿದೆ ಅಂತಲೇ ನಾವಿಬ್ಬರೂ ಹೇಳುತ್ತಿದ್ದೆವು.

ಒಂದು ಬೆಳಗ್ಗೆ ಹೋಗಿ ನೋಡಿದರೆ ಡ್ಯಾಶ್‌ಬೋರ್ಡ್ ಬಾಗಿಲು ತೆಗೆದಿತ್ತು. ಟೋಲಿಗೆ ಅಂತ ಇಟ್ಟಿದ್ದ ಚಿಲ್ಲರೆ ಇರಲಿಲ್ಲ, ಕೂಲಿಂಗ್ ಗ್ಲಾಸ್ ಇರಲಿಲ್ಲ. ಕಾಗದಗಳು ಸೀಟಿನ ಮೇಲೆ ಹರಡಿದ್ದವು. ಆರ್‌ಸಿ ಇತ್ತು, ಗಾಜು ಚೆನ್ನಾಗಿತ್ತು. ನೋಡು, ನಾವು ಅಂದುಕೊಂಡ ಹಾಗೇ ಆಯಿತು, ಗಾಜು ಉಳಿಯಿತು ಅಂತ ಮಾತಾಡಿಕೊಂಡೆವು. ಚಿಲ್ಲರೆಗೆ ಯಾರು ಠಾಣೆಗೆ ಹೋಗುತ್ತಾರೆ ಅಂತ ದೂರನ್ನೂ ಕೊಡಲಿಲ್ಲ. ಪುಸ್ತಕದ ಚೀಲ ಸೀಟಿನ ಮೇಲೇ ಬಿದ್ದಿತ್ತು. ಅದನ್ನು ನಾನೇ ಎತ್ತಿ ಒಳಗೆ ಇಟ್ಟೆ, ತೆಗೆದು ನೋಡಲಿಲ್ಲ. ನಮಗೆ ದುಬಾರಿಯಾದದ್ದು ಇದೇ. ಅವತ್ತು ಆ ಚೀಲ ತೆಗೆದಿದ್ದರೆ ಕೀ ಹೋಗಿದೆ ಅಂತ ಗೊತ್ತಾಗುತ್ತಿತ್ತು, ಅವತ್ತೇ ಏನಾದರೂ ಮಾಡಬಹುದಿತ್ತು. ಏನು ಹೋಗಿದೆ ಅಂತ ನೋಡುವುದನ್ನು ಬಿಟ್ಟು ಏನು ಉಳಿದಿದೆ ಅಂತ ನೋಡಿದೆವು.

ಕೆಲವು ದಿನದ ಮೇಲೆ ಬೆಳಗ್ಗೆ ಹಾಲು ತರಲು ಹೋದವರು ವಾಪಸ್ ಬಂದು, ಕಾರು ಎಲ್ಲಿ ಅಂತ ನನ್ನನ್ನೇ ಕೇಳಿದರು.

ಆಮೇಲೆ ಎದುರು ಮನೆ ಅಂಕಲ್ ತಮ್ಮ ಸಿಸಿಟಿವಿ ತೋರಿಸಿದರು. ಕಾರು ಹೋದ ರಾತ್ರಿಯದು ಅಷ್ಟು ಸ್ಪಷ್ಟ ಇಲ್ಲ. ಚಿಲ್ಲರೆ ಹೋದ ರಾತ್ರಿಯದೂ ಇನ್ನೂ ಅಳಿಸಿಹೋಗಿರಲಿಲ್ಲ, ಅದನ್ನು ನೋಡಿ ನನಗೆ ಕೈಕಾಲು ತಣ್ಣಗಾಯಿತು. ಒಬ್ಬ ಹುಡುಗ ನಮ್ಮ ಬೀದಿಯಲ್ಲಿ ನಡೆದುಕೊಂಡು ಬರುತ್ತಾನೆ. ಸಾಲಾಗಿ ನಿಂತ ಕಾರುಗಳ ಹ್ಯಾಂಡಲ್ ಎಳೆದು ನೋಡುತ್ತಾನೆ. ಬರಲಿಲ್ಲವಾ, ನಿಲ್ಲುವುದೂ ಇಲ್ಲ, ಮುಂದಿನ ಕಾರಿಗೆ ಹೋಗುತ್ತಾನೆ. ಯಾವ ಗಾಜನ್ನೂ ಮುಟ್ಟಲಿಲ್ಲ. ನಮ್ಮ ಕಾರಿನ ಡೋರ್ ತೆಗೆದುಕೊಂಡಿತು. ಒಳಗೆ ಕೂತು, ಡೋರ್ ಹಾಕಿಕೊಂಡು, ಆರಾಮಾಗಿ ಒಂದೊಂದೇ ಕಾಗದ ನೋಡುತ್ತಾನೆ. ಅವನ ಸ್ವಂತ ಕಾರಿನಲ್ಲಿ ಕೂತ ಹಾಗಿತ್ತು. ರಸ್ತೆಯಲ್ಲಿ ಯಾರೋ ಬೈಕಿನಲ್ಲಿ ಹೋದರು, ಅವರಿಗೂ ಏನೂ ಅನ್ನಿಸಲಿಲ್ಲ. ಕಾರಿನಲ್ಲಿ ಯಾರೋ ಕೂತಿದ್ದರೆ ಯಾರಿಗೆ ಏನು ಅನ್ನಿಸುತ್ತದೆ ಹೇಳಿ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಾಜು ಒಡೆಯುವ ಕಳ್ಳ ಬೇರೆ, ಹ್ಯಾಂಡಲ್ ಎಳೆಯುವ ಕಳ್ಳ ಬೇರೆ. ಒಡೆಯುವವನು ಹಗಲಲ್ಲೇ ಬಂದರೂ ಸೀಟಿನ ಮೇಲೆ ಬ್ಯಾಗ್ ಕಂಡಿದ್ದರಿಂದ ಬರುತ್ತಾನೆ, ಒಡೆದ ಮೇಲೆ ಸದ್ದಾಗುತ್ತದೆ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಲೇಬೇಕು. ನಮ್ಮಂಥ ಬೀದಿಯಲ್ಲಿ ರಾತ್ರಿ ಖಾಲಿ ಕಾಣುವ ಕಾರಿನ ಗಾಜನ್ನು ಸುಮ್ನೆ ಯಾರೂ ಒಡೆಯುವುದಿಲ್ಲ, ನಾಯಿಗಳೇ ಎಬ್ಬಿಸಿಬಿಡುತ್ತವೆ. ಲಾಕ್ ಮಾಡದೆ ಬಿಟ್ಟರೆ ನೀವು ಅವನಿಗೆ ಕೊಡುವುದು ಸಮಯ. ಸದ್ದಿಲ್ಲದ ಸಮಯ. ಅದರಲ್ಲಿ ಅವನು ಎಲ್ಲವನ್ನೂ ಹುಡುಕಬಹುದು.

ಇನ್ಶೂರೆನ್ಸ್ ಕಥೆಯನ್ನೂ ಕೇಳಿ. ಕಾರು ಕಳುವಾದರೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಏನೂ ಬರುವುದಿಲ್ಲ, ನಮ್ಮದು ಫುಲ್ ಇನ್ಶೂರೆನ್ಸ್ ಆಗಿದ್ದರಿಂದ ಧೈರ್ಯವಾಗಿದ್ದೆವು. ಅವತ್ತೇ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದೆವು, ಅವತ್ತೇ ಕಂಪನಿಗೂ ಹೇಳಿದೆವು. ಕಂಪನಿಯವರು ಮೊದಲು ಕೇಳಿದ್ದೇ ಎರಡೂ ಕೀ ಕೊಡಿ ಅಂತ. ಬೀರು ತೆಗೆದೆವು. ಇಲ್ಲ. ಮನೆಯೆಲ್ಲ ಹುಡುಕುತ್ತಾ ಹುಡುಕುತ್ತಾ ನನಗೆ ಆ ಪುಸ್ತಕದ ಚೀಲ ನೆನಪಾಯಿತು. ಕಂಪನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆವು. ವಾಹನವನ್ನು ಕಾಪಾಡಿಕೊಳ್ಳಲು ಮಾಲೀಕರು ತಕ್ಕ ಎಚ್ಚರ ವಹಿಸಬೇಕು ಅಂತ ಪಾಲಿಸಿಯಲ್ಲಿ ಒಂದು ಷರತ್ತು ಇರುತ್ತದೆ. ನೀವು ಅದನ್ನು ಮುರಿದಿದ್ದೀರಿ, ದುಡ್ಡು ಬರುವುದಿಲ್ಲ ಅಂತ ಪತ್ರ ಬಂತು.

ನಮ್ಮ ಸಂಬಂಧಿಕರೊಬ್ಬರು ಮಂಡ್ಯದಲ್ಲಿ ವಕೀಲರು. ಅವರು, ಹಾಗೆಲ್ಲ ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ ಅಂದರು. ಚಾಲಕ ಕೀಯನ್ನು ಲಾರಿಯಲ್ಲೇ ಬಿಟ್ಟು ಇಳಿದಾಗ ಲಾರಿ ಕಳುವಾದ ಒಂದು ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕನಿಗೆ 75% ಕೊಡಿಸಿದೆ, ಅದನ್ನೇ ಹಿಡಿದು ನೋಟಿಸ್ ಕೊಡೋಣ ಅಂದರು. ಕೊಟ್ಟರು. ಗ್ರಾಹಕ ಆಯೋಗಕ್ಕೆ ಹೋಗುವ ತನಕ ಬರಲಿಲ್ಲ, ಕೊನೆಗೆ ಕಂಪನಿ 75%ಗೆ ಒಪ್ಪಿತು. ಅದೂ ಯಾವುದರಲ್ಲಿ 75%? ನೀವು ಕೊಟ್ಟ ಬೆಲೆಯಲ್ಲಲ್ಲ, ಪಾಲಿಸಿಯಲ್ಲಿ ಬರೆದಿರುವ ಐಡಿವಿಯಲ್ಲಿ, ಅಂದರೆ ಕಂಪನಿ ಕಾರಿಗೆ ಕಟ್ಟಿರುವ ಬೆಲೆಯಲ್ಲಿ, ಅದು ವರ್ಷಾವರ್ಷ ಇಳಿಯುತ್ತಾ ಹೋಗುತ್ತದೆ. ಠಾಣೆಯಿಂದ ಸಿ ರಿಪೋರ್ಟ್, ಅಂದರೆ ಗಾಡಿ ಪತ್ತೆಯಾಗಲಿಲ್ಲ ಅನ್ನುವ ವರದಿ ಬರಬೇಕು, ಅಲ್ಲಿಯವರೆಗೆ ಕಾಯಬೇಕು. ಲೋನ್ ಇದ್ದರೆ ಆ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತದೆ. ಅಷ್ಟೂ ದಿನ ಇಲ್ಲದ ಕಾರಿಗೆ ಇಎಂಐ ಕಟ್ಟಿದೆವು. ಇನ್ಶೂರೆನ್ಸ್ ಇದೆಯಲ್ಲ ಅಂತ ಹೇಳುವವರಿಗೆ ಇದನ್ನು ಹೇಳಿ.

ಈಗ ಹೊಸ ಕಾರಿನಲ್ಲಿ ನಾವು ಏನು ಮಾಡುತ್ತೇವೆ ಅಂದರೆ, ಲಾಕ್ ಬಟನ್ ಒತ್ತಿ ಸುಮ್ನೆ ಹೋಗುವುದಿಲ್ಲ, ಹ್ಯಾಂಡಲ್ ಎಳೆದು ನೋಡಿ ಹೋಗುತ್ತೇವೆ. ಸೆಂಟ್ರಲ್ ಲಾಕ್ ಹಳೆಯದಾದರೆ ಒಂದು ಡೋರ್ ಹಿಡಿಯುವುದೇ ಇಲ್ಲ, ಮಕ್ಕಳು ಡೋರ್ ಸರಿಯಾಗಿ ಹಾಕಿರುವುದಿಲ್ಲ, ರಿಮೋಟ್ ಸಿಗ್ನಲ್ ತಡೆಯುವ ಸಾಧನ ಇಟ್ಟುಕೊಂಡು ಓಡಾಡುವವರೂ ಇದ್ದಾರೆ. ಆರ್‌ಸಿಯನ್ನು ಮನೆಯಲ್ಲಿಟ್ಟಿದ್ದೇವೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಪೊಲೀಸರು ಒಪ್ಪಬೇಕು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಚಾಮುಂಡಿ ಬೆಟ್ಟಕ್ಕೋ ನಿಮಿಷಾಂಬಕ್ಕೋ ಹೋಗುವಾಗ ಬ್ಯಾಗನ್ನು ಮನೆ ಮುಂದೆಯೇ ಡಿಕ್ಕಿಗೆ ಹಾಕಿ ಹೊರಡುತ್ತೇವೆ. ಪಾರ್ಕಿಂಗ್‌ಗೆ ಹೋದಮೇಲೆ ಡಿಕ್ಕಿಗೆ ಹಾಕಿದರೆ ನೋಡುತ್ತಾ ನಿಂತವನಿಗೆ ನೀವೇ ತೋರಿಸಿಕೊಟ್ಟ ಹಾಗೆ.

ಬ್ಯಾಂಕ್, ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ತಿರ ಇನ್ನೂ ಜಾಸ್ತಿ ಎಚ್ಚರ ಬೇಕು. "ಗಮನ ಬೇರೆಡೆ ಸೆಳೆದು ಕಳವು" ಅಂತ ಪೇಪರಿನಲ್ಲಿ ಓದಿರುತ್ತೀರಿ. ಹತ್ತು ರೂಪಾಯಿ ನೋಟುಗಳನ್ನು ಕೆಳಗೆ ಚೆಲ್ಲಿ ನಿಮ್ಮ ದುಡ್ಡು ಬಿದ್ದಿದೆ ಅನ್ನುತ್ತಾರೆ, ಇಲ್ಲ ಟೈರ್ ಪಂಕ್ಚರ್ ಅನ್ನುತ್ತಾರೆ. ನೀವು ಈ ಕಡೆ ಇಳಿದು ಬಗ್ಗುವಷ್ಟರಲ್ಲಿ ಆ ಕಡೆ ಡೋರಿನಿಂದ ಬ್ಯಾಗ್ ಹೋಗಿರುತ್ತದೆ. ಅಲ್ಲಿ ಗಾಜು ಒಡೆಯುವ ಮಾತೇ ಇಲ್ಲ, ಲಾಕ್ ಒಂದೇ ಕಾಪಾಡುವುದು. ಆದ್ದರಿಂದ ಒಳಗೆ ಕೂತಿರುವಾಗಲೂ ಲಾಕ್ ಇರಲಿ, ಇಳಿದರೆ ಕೀ ಕೈಯಲ್ಲಿ ಹಿಡಿದು, ಲಾಕ್ ಮಾಡಿಯೇ ಬಗ್ಗಿ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡಿ. ಅದರ ಸಿಗ್ನಲ್ಲನ್ನು ಹೊರಗಿನಿಂದಲೇ ಹಿಡಿದು ಕಾರಿನವರೆಗೆ ದಾಟಿಸುವವರು ಇದ್ದಾರೆ. ಒಳಗಿನ ರೂಮಿನಲ್ಲಿ, ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಇಡಿ.

ಇದೆಲ್ಲಕ್ಕಿಂತ ಮೊದಲು, ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಎರಡನೇ ಕೀ ಎಲ್ಲಿದೆ ಅಂತ ನೋಡಿ. ಇದೆ ಅಂತ ನೆನಪಿದ್ದರೆ ಸಾಲದು, ಕೈಗೆ ತೆಗೆದುಕೊಂಡು ನೋಡಿ. ಈಗಿನ ಕಾರುಗಳ ಕೀಯೊಳಗೆ ಚಿಪ್ ಇರುತ್ತದೆ, ಕಾರು ಅದನ್ನು ಗುರುತು ಹಿಡಿಯದಿದ್ದರೆ ಎಂಜಿನ್ ಶುರುವಾಗುವುದಿಲ್ಲ. ಅದಕ್ಕೇ ಬೀದಿ ಕಳ್ಳನಿಗೆ ವೈರ್ ಜೋಡಿಸಿ ಕಾರು ಒಯ್ಯುವುದು ಈಗ ಸುಲಭ ಅಲ್ಲ, ಅವನಿಗೆ ಕೀಯೇ ಬೇಕು. ಆ ಕೀ ಸಿಗಲಿಲ್ಲ ಅಂದರೆ ಬೀರುವಿನಲ್ಲೇ ಎಲ್ಲೋ ಇರಬಹುದು ಅಂತ ಸುಮ್ನೆ ಕೂರಬೇಡಿ. ಇರುವ ಕೀಯನ್ನು ತೆಗೆದುಕೊಂಡು ಕಂಪನಿ ಸರ್ವೀಸ್ ಸೆಂಟರಿಗೆ ಹೋಗಿ, ಕಳೆದುಹೋದ ಕೀಯನ್ನು ಕಾರಿನ ನೆನಪಿನಿಂದ ತೆಗೆಸಿ. ಹಾಗೆ ಮಾಡಿಸಿದರೆ ಆ ಕೀಯಿಂದ ಎಂಜಿನ್ ಶುರುವಾಗುವುದಿಲ್ಲ. ಡೋರ್ ಮಾತ್ರ ಅದರಿಂದ ಇನ್ನೂ ತೆಗೆಯಬಹುದು, ಅದಕ್ಕೆ ಲಾಕ್ ಸೆಟ್ಟನ್ನೇ ಬದಲಾಯಿಸಬೇಕು. ಖರ್ಚಿದೆ. ಕೀ ಬದಲಾಯಿಸುವ ಖರ್ಚು ಕೊಡುವ ಆಡ್ ಆನ್ ನಿಮ್ಮ ಪಾಲಿಸಿಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಇದ್ದರೆ ಠಾಣೆಯ ದೂರಿನ ಪ್ರತಿ ಬೇಕಾಗಬಹುದು. ಅಷ್ಟಾಗುವ ತನಕ ರಾತ್ರಿ ಕಾರನ್ನು ರಸ್ತೆಯಲ್ಲಿ ಬಿಡಬೇಡಿ, ಗೇಟ್ ಇರುವ ಯಾರಾದರೂ ಪರಿಚಯದವರ ಮನೆಯಲ್ಲಿ ನಿಲ್ಲಿಸಿ.