ಬಾಗಿಲ ಬಳಿ ನಿಂತುಹೋದ ತಂಗಿ

ಮೈಯ ಬಿಗಿತ, ಉಸಿರನ್ನು ಗಮನಿಸುತ್ತಾ ಮನಸ್ಸಿನ ಒತ್ತಡಕ್ಕೆ ನೆರವಾಗುವುದು ನನ್ನ ಕೆಲಸ. ಮಾಲಿನಿ ನನ್ನ ಹತ್ತಿರ ಬಂದಿದ್ದು ಬರವಣಿಗೆಯ ತೊಂದರೆಗಲ್ಲ, ಕುತ್ತಿಗೆ ನೋವಿಗೆ. ಡಾಕ್ಟರು ಪರೀಕ್ಷೆ ಮಾಡಿ, "ಗಾಬರಿಪಡುವಂಥದ್ದೇನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅಂದಿದ್ದರಂತೆ. ಯಾವ ಟೆನ್ಷನ್ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಗಬೇಡಿ ಮೇಡಂ. ಒಂದು ಕಾದಂಬರಿ ಬರೀತಿದ್ದೀನಿ. ಎಂಟು ತಿಂಗಳಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೀನಿ" ಅಂದರು.

ಹೆಸರು ಬೇರೆ, ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ವಯಸ್ಸು 40ರ ಆಸುಪಾಸು. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ರಾತ್ರಿ ಮನೆಯವರು ಮಲಗಿದ ಮೇಲೆ ಮತ್ತೆ ಅದೇ ಕುರ್ಚಿ, ಅದೇ ಪರದೆ, ಆಗ ಕಾದಂಬರಿ.

ಕತೆಯಲ್ಲಿ ಇಬ್ಬರು ಅಕ್ಕತಂಗಿಯರು. ಜಗಳವಾಗಿ ತಂಗಿ ಮನೆ ಬಿಟ್ಟು ಹೋಗಬೇಕು. ಬಾಗಿಲ ತನಕ ಬರುತ್ತಾಳೆ. ಅಲ್ಲಿಗೆ ಬರವಣಿಗೆ ನಿಂತುಬಿಡುತ್ತದೆ. ಎಷ್ಟು ಸಲ ಬರೆದು ಅಳಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ.

ಇದನ್ನೆಲ್ಲ ಹೇಳುವಾಗ ನಾನು ನೋಡುತ್ತಿದ್ದುದು ಅವರ ಎಡ ಭುಜವನ್ನು. "ಬಾಗಿಲು" ಎನ್ನುವಷ್ಟರಲ್ಲಿ ಅದು ಕಿವಿಯ ಹತ್ತಿರಕ್ಕೆ ಏರಿತ್ತು. ದವಡೆ ಬಿಗಿದಿತ್ತು. "ನಿಮ್ಮ ಭುಜ ಎಲ್ಲಿದೆ ನೋಡಿಕೊಳ್ಳಿ" ಅಂದೆ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಗಕ್ಕನೆ ಇಳಿಸಿದರು. ನೋವು ಯಾವ ಕಡೆ ಎಂದು ಕೇಳಬೇಕಾಗಲಿಲ್ಲ.

ಮೊದಲ ಸಲಹೆಯಲ್ಲಿ ನಾನೇ ಎಡವಿದೆ. ರಾತ್ರಿ ಅಂಗಾತ ಮಲಗಿ, ಕಣ್ಣು ಮುಚ್ಚಿ, ಪಾದದಿಂದ ತಲೆಯವರೆಗೆ ಒಂದೊಂದೇ ಅಂಗವನ್ನು ಗಮನಿಸುತ್ತಾ ಬನ್ನಿ ಎಂದು ಹೇಳಿ ಕಳಿಸಿದ್ದೆ. ಮೊದಲ ದಿನ ನಿದ್ದೆ ಬಂತಂತೆ. ಎರಡನೇ ದಿನ ಎದೆಬಡಿತವೊಂದೇ ಕೇಳಿಸಿ ಗಾಬರಿಯಾಯಿತಂತೆ. ಮೂರನೇ ದಿನ ಮಾಡಲೇ ಇಲ್ಲ. ಆತಂಕ ಜಾಸ್ತಿ ಇರುವವರಲ್ಲಿ ಹೀಗಾಗುತ್ತದೆ. ಸುಮ್ನೆ ಮಲಗಿ ಒಳಗೇ ಕಿವಿಗೊಟ್ಟರೆ ಆತಂಕವೇ ಎಲ್ಲಕ್ಕಿಂತ ಜೋರಾಗಿ ಕೇಳಿಸುತ್ತದೆ. ಗೊತ್ತಿದ್ದೂ ಕೇಳಿ ತಿಳಿದುಕೊಳ್ಳದೆ ಹೇಳಿದ್ದು ನನ್ನ ತಪ್ಪು. ಕ್ಷಮೆ ಕೇಳಿದೆ. ಇನ್ನು ಮುಂದೆ ಕಣ್ಣು ತೆರೆದೇ, ಓಡಾಡುತ್ತಲೇ ಮಾಡೋಣ ಅಂದೆ.

ಮೂರನೇ ಭೇಟಿಯಲ್ಲಿ ಕುರ್ಚಿ ಬಿಟ್ಟು ಏಳಿಸಿದೆ. "ಅಗೋ ಬಾಗಿಲು. ತಂಗಿ ಹೇಗೆ ನಡೆದು ಹೋಗುತ್ತಾಳೆ ತೋರಿಸಿ."

ನಾಚಿಕೊಂಡರು. ನಾಟಕ ಬರಲ್ಲ ಅಂದರು. ನಾಟಕ ಬೇಡ, ನಡೆದರೆ ಸಾಕು ಅಂದೆ. ಮೊದಲ ಸಲ ಸರಸರ ನಡೆದು, ನಗುತ್ತಾ ತಿರುಗಿ ಬಂದರು. ಎರಡನೇ ಸಲ ನಿಧಾನವಾಯಿತು. ಚೀಲ ಯಾವ ಹೆಗಲಲ್ಲಿದೆ ಎಂದು ಕೇಳಿದೆ. "ಎಡ." ಕೈ ಎಲ್ಲಿದೆ? "ಚಿಲಕದ ಮೇಲೆ." ಭಾರ ಯಾವ ಕಾಲಿನ ಮೇಲೆ? ಕೆಳಗೆ ನೋಡಿಕೊಂಡರು. "ಹಿಂದಿನ ಕಾಲ ಮೇಲೆ." ಉಸಿರು? "ಬಿಗಿ ಹಿಡಿದಿದ್ದಾಳೆ."

ಯಾಕೆ ಎಂದು ಕೇಳಿ ನಾನು ಸುಮ್ಮನಾದೆ. ಅವರ ಕೈ ಚಿಲಕದ ಮೇಲೇ ಇತ್ತು. "ಕೋಪಕ್ಕೆ... ಅಲ್ಲ. ಹೆದರಿಕೆ? ಊಹೂಂ." ತಲೆ ಸ್ವಲ್ಪ ಹಿಂದಕ್ಕೆ ವಾಲಿತು. ಎಡ ಭುಜ ಮೇಲೇರಿತು. ಆಮೇಲೆ ಮೆಲ್ಲಗೆ, "ಕೇಳಿಸ್ಕೊಳ್ತಿದ್ದಾಳೆ. ಅಕ್ಕ ಹಿಂದಿನಿಂದ ಕರೀತಾಳೇನೋ ಅಂತ."

ಎಂಟು ತಿಂಗಳು ಅವರು ತಂಗಿಯ ಕೋಪ ಬರೆಯುತ್ತಿದ್ದರು. ಅಲ್ಲಿ ಕೋಪ ಇರಲೇ ಇಲ್ಲ.

ಕಾಗದ, ಪೆನ್ನು ಕೊಟ್ಟೆ. ಅಲ್ಲೇ ಕಪಾಟಿನ ಮೇಲೆ ಕಾಗದ ಇಟ್ಟುಕೊಂಡು, ನಿಂತೇ 10 ನಿಮಿಷ ಬರೆದರು. ಅರ್ಧ ಪುಟ ಆಯಿತು. ನಾನು ಓದಲಿಲ್ಲ. ಅವರಿಗೂ ಒಬ್ಬ ಅಕ್ಕ ಇದ್ದಾರಾ ಎಂದು ಕೇಳಲೂ ಇಲ್ಲ. ಆ ಕ್ಷಣಕ್ಕೆ ಕತೆಯ ತಂಗಿಯೇ ಸಾಕಾಗಿತ್ತು.

ಆ "ಅಲ್ಲ", "ಊಹೂಂ" ಇವೆಯಲ್ಲ, ನನ್ನ ಪಾಲಿಗೆ ಅವೇ ಮುಖ್ಯ. ಅಮೆರಿಕದ ಯೂಜೀನ್ ಜೆಂಡ್ಲಿನ್ ಎಂಬ ಮನಃಶಾಸ್ತ್ರಜ್ಞರು ಷಿಕಾಗೊದಲ್ಲಿ ಸಹೋದ್ಯೋಗಿಗಳ ಜೊತೆ ಚಿಕಿತ್ಸೆಯ ಧ್ವನಿಮುದ್ರಿಕೆಗಳನ್ನು ಕೇಳಿ ಇದನ್ನು ಗುರುತಿಸಿದರು. ಮಾತಿನ ಮಧ್ಯೆ ತಡವರಿಸಿ, ಮೈಯೊಳಗಿನ ಅಸ್ಪಷ್ಟ ಅನಿಸಿಕೆಗೆ ಸರಿಯಾದ ಮಾತು ಹುಡುಕುವವರಿಗೆ ಚಿಕಿತ್ಸೆ ಹೆಚ್ಚು ಫಲ ಕೊಡುತ್ತಿತ್ತು. 1978ರಲ್ಲಿ ಅದನ್ನು ಎಲ್ಲರೂ ಮಾಡಬಹುದಾದ ಅಭ್ಯಾಸವಾಗಿ ಬರೆದರು. ಒಂದು ಪದ ಇಟ್ಟು ನೋಡುವುದು, ಮೈ ಒಪ್ಪದಿದ್ದರೆ ಇನ್ನೊಂದು. ಬರೆಯುವವರು ಮಾಡುವುದೂ ಅದನ್ನೇ ಅಲ್ವಾ?

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತಂಟೆ ಇದೆ. ಮೈಯ ಮಾತು ನಮ್ಮಲ್ಲಿ ರೆಡಿಯಾಗಿ ಬಿದ್ದಿದೆ. ಎದೆ ಧಸಕ್ಕೆಂದಿತು, ಕರುಳು ಚುರುಕ್ಕೆಂದಿತು, ಗಂಟಲು ಕಟ್ಟಿತು, ಮೈ ಜುಮ್ಮೆಂದಿತು. ಚೆಂದದ ಮಾತುಗಳೇ. ಆದರೆ ಕೈಗೆ ಬೇಗ ಸಿಗುವುದರಿಂದ ನಿಜಕ್ಕೂ ಮೈಯಲ್ಲಿ ಏನಾಯಿತೆಂದು ನೋಡುವ ಮೊದಲೇ ಪುಟಕ್ಕೆ ಬಂದು ಕೂತುಬಿಡುತ್ತವೆ. ಮಾಲಿನಿಯ ಹಳೆಯ ಕರಡಿನಲ್ಲಿ ತಂಗಿಯ ಗಂಟಲು ಮೂರು ಸಲ ಕಟ್ಟಿತ್ತು. ಎರಡು ವಾರ ಇಂಥ ಯಾವ ಮಾತೂ ಬೇಡ ಎಂದು ನಿಷೇಧ ಹಾಕಿದೆ. ಗಂಟಲು ಕಟ್ಟುವಾಗ ನಾಲಿಗೆ ಎಲ್ಲಿರುತ್ತದೆ, ಎಂಜಲು ನುಂಗಲು ಆಗುತ್ತದಾ, ಅದನ್ನು ಬರೆಯಿರಿ ಅಂದೆ. ಬೈದುಕೊಂಡೇ ಒಪ್ಪಿದರು.

ಮನೆಗೆ ಕೊಟ್ಟ ಸಲಹೆ ಇಷ್ಟೇ. ಕೂರುವ ಮೊದಲು ಎರಡೂ ಭುಜವನ್ನು ಬೇಕೆಂದೇ ಕಿವಿಯ ತನಕ ಎತ್ತಿ, ಐದು ಎಣಿಸಿ, ಬಿಟ್ಟುಬಿಡುವುದು. ಇಳಿಸಿ ಎಂದರೆ ಇಳಿಯದ ಭುಜ ಬಿಗಿ ಮಾಡಿ ಬಿಟ್ಟರೆ ಇಳಿಯುತ್ತದೆ. ಮೂರ್ನಾಲ್ಕು ಸಲ ಉಸಿರನ್ನು ಒಳಗೆ ಎಳೆದುದಕ್ಕಿಂತ ನಿಧಾನವಾಗಿ ಬಿಡುವುದು. ಉಸಿರು ಹೊರಹೋಗುವಾಗ ಎದೆಬಡಿತ ತುಸು ತಗ್ಗುತ್ತದೆ. ಆಮೇಲೆ ಫೋನ್ ಇಲ್ಲದೆ ಹತ್ತು ನಿಮಿಷ ನಡಿಗೆ. ಮನೆಯೊಳಗೇ ಆದರೂ ಸರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಖಾಲಿ ಗೋಡೆ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಕೂತವರಿಗಿಂತ ಹೆಚ್ಚು ಹೊಸ ಯೋಚನೆಗಳು ಹೊಳೆದವು. ನಡೆದು ಬಂದು ಕೂತ ಮೇಲೂ ಅದರ ಗುಣ ಸ್ವಲ್ಪ ಉಳಿದಿತ್ತು. ಆದರೆ ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಲ್ಲಿ ನಡೆಯುವವರು ತುಸು ಹಿಂದೆಯೇ ಬಿದ್ದರು. ಅದಕ್ಕೇ ಮಾಲಿನಿಗೆ ಹೇಳಿದೆ: ಹೊಸ ದೃಶ್ಯಕ್ಕೆ ನಡೆಯಿರಿ, ತಿದ್ದುವುದಕ್ಕೆ ಕೂತುಕೊಳ್ಳಿ. ಅವರು ಎರಡನ್ನೂ ಒಟ್ಟಿಗೆ, ಒಂದೇ ಕುರ್ಚಿಯಲ್ಲಿ ಮಾಡುತ್ತಿದ್ದರು. ಒಂದು ಸಾಲು ಬರೆದು, ಅದನ್ನೇ ನಾಲ್ಕು ಸಲ ಅಳಿಸಿ.

ನಡೆಯಲಾಗದವರು ಕೂತಲ್ಲೇ, ಕತೆಯ ಪಾತ್ರ ಕೈಯಾಡಿಸುವ ಹಾಗೆ ತಮ್ಮ ಕೈಯಾಡಿಸಿ ನೋಡಬಹುದು. ಹಳೆಯ ಪೆಟ್ಟು, ದೌರ್ಜನ್ಯದ ನೆನಪು ಇರುವವರು ಮಾತ್ರ ಇಂಥದ್ದನ್ನು ಒಬ್ಬರೇ ಶುರು ಮಾಡಬೇಡಿ. ನಡುಕ, ಉಸಿರು ಸಿಕ್ಕಿಕೊಂಡ ಹಾಗೆ ಆದರೆ ನಿಲ್ಲಿಸಿ. ಪಾದವನ್ನು ನೆಲಕ್ಕೆ ಒತ್ತಿ, ಸುತ್ತ ಕಾಣುವ ವಸ್ತುಗಳ ಹೆಸರು ಹೇಳಿಕೊಳ್ಳಿ. ಆ ದಿನದ ಪುಟ ಆ ದಿನವೇ ಆಗಬೇಕೆಂದಿಲ್ಲ.

ಒಟ್ಟು ಆರು ಭೇಟಿ. ಕುತ್ತಿಗೆ ನೋವು ಪೂರ್ತಿ ಹೋಗಿಲ್ಲ. ಆ ಕುರ್ಚಿ, ಪರದೆಯ ಎತ್ತರವನ್ನು ಫಿಸಿಯೋಥೆರಪಿಸ್ಟ್ ನೋಡಲಿ ಎಂದು ಕಳಿಸಿದ್ದೇನೆ. ತಂಗಿ ಮನೆ ಬಿಟ್ಟಿದ್ದಾಳೆ. ಮೊನ್ನೆ ಮೆಸೇಜ್ ಬಂತು: "ಈಗ ಅಕ್ಕ ಸಿಕ್ಕಿಕೊಂಡಿದ್ದಾಳೆ ಮೇಡಂ. ಬಾಗಿಲು ಹಾಕಿದ ಸದ್ದು ಕೇಳಿದಾಗ ಅವಳ ಕೈ ಎಲ್ಲಿತ್ತು ಅಂತ ಗೊತ್ತಾಗ್ತಿಲ್ಲ. ಬೆಳಗ್ಗೆಯಿಂದ ಮನೆಯಲ್ಲಿರೋ ಬಾಗಿಲನ್ನೆಲ್ಲ ಹಾಕಿ ತೆಗೆದು ಮಾಡ್ತಿದ್ದೀನಿ. ಮಕ್ಕಳು ವಿಚಿತ್ರವಾಗಿ ನೋಡ್ತಿದ್ದಾರೆ."